ಸಹಿಯ ಕೆಳಗಿನ ಸಮಯ

ಮಾರ್ಚ್ 4

ಪ್ರೀತಿಯ ಅಣ್ಣನಿಗೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೆ ಜಗಳಕ್ಕೆ ನಿಲ್ಲುತ್ತೇವೆ, ಮೂರನೇ ನಿಮಿಷಕ್ಕೆ ಅತ್ತಿಗೆ ಫೋನು ಕಿತ್ತುಕೊಳ್ಳುತ್ತಾರೆ. ಆರೋಗ್ಯದ ವಿಷಯ ಫೋನಿನಲ್ಲಿ, ಮುಖ್ಯ ವಿಷಯ ಕಾಗದದಲ್ಲಿ ಎಂದು ಕಾನೂನು ಮಾಡಿದವನು ನೀನೇ. ಆದ್ದರಿಂದ ಕಾಗದ.

ನನಗೊಂದು ಕೆಲಸ ಬಂದಿದೆ. ಹೊರದೇಶದ ಅಂತರರಾಷ್ಟ್ರೀಯ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುವುದು. ಎರಡು ವರ್ಷದ ಒಪ್ಪಂದ, ಇರಲು ಮನೆ, ಗುಬ್ಬಿಗೂ ಅಮ್ಮನ ಜೊತೆ ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ನಾನೇನೂ ಕೇಳಿರಲಿಲ್ಲ, ಅದಾಗಿಯೇ ಬಂತು. ಯಾರೋ ನನ್ನ ಬಗ್ಗೆ ಹೇಳಿರಬೇಕು.

ನಮ್ಮ ಶಾಲೆಯ ಲ್ಯಾಬು ಈಗ ಮುರಿದ ಬೆಂಚುಗಳ ಗೋದಾಮು ಎಂದು ನಿನಗೆ ಗೊತ್ತಲ್ಲ. ಮೂರು ವರ್ಷದಿಂದ ನಾನು ಬ್ಯೂರೆಟ್ಟಿನ ಗಾಜಿನ ಕೊಳವೆಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೇನೆ. ಕಳೆದ ವಾರ ಹಿಂದಿನ ಬೆಂಚಿನವಳೊಬ್ಬಳು ಎದ್ದು ನಿಂತು, "ಮಿಸ್, ಅದರ ನಲ್ಲಿ ನಿಜವಾಗ್ಲೂ ತಿರುಗುತ್ತಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಅಳು ಬಂತು ಅಣ್ಣಾ. ಹದಿನಾಲ್ಕು ವರ್ಷದಿಂದ ವರ್ಷಕ್ಕೊಂದು ಸಹಿ ಹಾಕಿಸಿಕೊಂಡು ನನ್ನನ್ನು ಮುಂದುವರಿಸುತ್ತಿದ್ದಾರೆ, ಖಾಯಂ ಮಾಡುವ ಮಾತೇ ಇಲ್ಲ. ಅದನ್ನಾದರೂ ಸಹಿಸಬಹುದು. ಗಾಜು ಮುಟ್ಟದೆ ರಸಾಯನಶಾಸ್ತ್ರ ಕಲಿಸುವುದನ್ನು ಇನ್ನು ಸಹಿಸಲಾರೆ.

ಅವರು ತಮ್ಮ ಲ್ಯಾಬಿನ ಫೋಟೋ ಕಳಿಸಿದ್ದಾರೆ. ಗುಬ್ಬಿ ಅದನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದಾಳೆ. ಒಂದು ಪ್ರತಿ, ಜೊತೆಗೆ ಅವರ ಪತ್ರದ ಪ್ರತಿ ಇದರೊಳಗಿದೆ. ಏಪ್ರಿಲ್ 30ರೊಳಗೆ ನನ್ನ ಕಾಗದಪತ್ರಗಳೆಲ್ಲ ಖಾತ್ರಿಯಾಗಿ ನಾನು ಒಪ್ಪಿಗೆ ಕಳಿಸಬೇಕು, ಇಲ್ಲವಾದರೆ ಜಾಗ ಬೇರೆಯವರಿಗೆ. ಇಪ್ಪತ್ತಾರು ವರ್ಷದಿಂದ ವಿಶ್ವವಿದ್ಯಾಲಯದಲ್ಲಿ ಕೂತು ಅಂಕಪಟ್ಟಿಗಳಲ್ಲಿ ಅಸಲಿ ಯಾವುದು ನಕಲಿ ಯಾವುದು ಎಂದು ಹೇಳುವವನು ನೀನು. ನೋಡಿ ಹೇಳು. ನೀನು ಸರಿ ಅಂದರೆ ನನಗೆ ಧೈರ್ಯ.

ನಿನ್ನ ತಂಗಿ


ಮಾರ್ಚ್ 11

ಚಿರಂಜೀವಿ ಮೇಷ್ಟ್ರಮ್ಮನಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಪತ್ರ ಮಾರ್ಚ್ 9ರಂದು ಸಂಜೆ 5.40ಕ್ಕೆ ತಲುಪಿತು. ಎರಡು ದಿನ ಭೂತಗನ್ನಡಿ ಹಿಡಿದು ಓದಿದ್ದೇನೆ. ನಿನ್ನ ಅತ್ತಿಗೆ ನೋಡೀ ನೋಡೀ ಬೇಸತ್ತು, "ಮೊಸರಲ್ಲಿ ಕಲ್ಲು ಹುಡುಕೋದು ಆಫೀಸಲ್ಲಿ ಸಾಲದಾ? ಅವಳು ಖುಷಿಯಾಗಿ ಬರೆದಿದ್ದಾಳೆ, ಖುಷಿಯಾಗಿ ಉತ್ತರ ಬರೀರಿ" ಎಂದಳು. ಖುಷಿಯಾಗಿ ಬರೆಯಲು ನನಗೂ ಆಸೆಯೇ. ಆದರೆ ಕೇಳು.

ಕೇಳದೆ ಕೆಲಸ ಬರುತ್ತದೆಯೇ? ಇಷ್ಟು ವರ್ಷದಲ್ಲಿ ಟೋಪಿ ಹಾಕಿಸಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತವರನ್ನೆಲ್ಲ ಸಾಲು ಹಚ್ಚಿದರೆ ನಿಮ್ಮ ಶಾಲೆಯ ಮೈದಾನ ಸಾಲದು. ಅವರೆಲ್ಲರ ಕಥೆಯೂ ಒಂದೇ ಮಾತಿನಿಂದ ಶುರುವಾಗುತ್ತದೆ: "ನಾನು ಕೇಳಿರಲಿಲ್ಲ ಸಾರ್, ಅವರಾಗೇ ಬರೆದ್ರು." ನೀನು ಬರೆದಿರುವುದೂ ಅದನ್ನೇ.

ಇನ್ನು ಫೋಟೋ. ಎಂಟು ಮೇಜುಗಳಿವೆ, ಒಂದರ ಮೇಲೂ ಕಲೆ ಇಲ್ಲ. ಮಕ್ಕಳು ಕೆಲಸ ಮಾಡುವ ಲ್ಯಾಬು ಅಂದಮೇಲೆ ಒಂದು ಆಸಿಡ್ ಕಲೆ, ಒಂದು ಸುಟ್ಟ ಗುರುತು, ಕೊನೆಗೆ ಯಾರೋ ಕೈವಾರದಿಂದ ಕೆತ್ತಿದ ಅಕ್ಷರವಾದರೂ ಬೇಡವೇ? ನಿನ್ನ ಕಾಲೇಜಿನ ಲ್ಯಾಬ್ ಕೋಟನ್ನು ಒಗೆದವನು ನಾನು, ನನಗೆ ಹೇಳಬೇಡ. ಇದು ಪೀಠೋಪಕರಣದ ಅಂಗಡಿಯಲ್ಲಿ ತೆಗೆದ ಫೋಟೋ ಇದ್ದರೂ ಇರಬಹುದು.

ಪ್ರಾಂಶುಪಾಲೆಯ ಸಹಿ ನಾಲ್ಕೂ ಪುಟಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇದೆ. ಮನುಷ್ಯರ ಕೈ ಹಾಗೆ ಬರೆಯುವುದಿಲ್ಲ. ಸಹಿಯ ಕೆಳಗೆ ದಿನಾಂಕವೂ ಇಲ್ಲ, ಸಮಯವೂ ಇಲ್ಲ. ಸಹಿ ಹಾಕಿ ಸಮಯ ಬರೆಯದವರನ್ನು ನಾನು ನಂಬುವುದಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನಿನ್ನ ಪ್ರಗತಿಪತ್ರಕ್ಕೆಲ್ಲ ನಾನೇ ಸಹಿ ಹಾಕುತ್ತಿದ್ದೆನಲ್ಲ, ತೆಗೆದು ನೋಡು. ಗಂಟೆ, ನಿಮಿಷ ಸಮೇತ ಇದೆ.

ಈಗಿರುವ ಶಾಲೆಯಲ್ಲಿ ಬಾಯಿ ಬಿಡಬೇಡ. ನಿನ್ನ ಬಗ್ಗೆ ಹೇಳಿದ ಆ ಮಹಾನುಭಾವರು ಯಾರು ಎಂದು ಮೊದಲು ತಿಳಿದುಕೋ.

ನಿನ್ನ ಅಣ್ಣ


ಮಾರ್ಚ್ 17

ಪ್ರೀತಿಯ ಅಣ್ಣನಿಗೆ,

ನೀನು ನನ್ನ ತಲೆಗೆ ಹುಳ ಬಿಟ್ಟೆ. ಈಗ ಬೀರುವಿನ ಮುಂದೆ ನಿಂತಾಗಲೆಲ್ಲ ಆ ಎಂಟು ಮೇಜುಗಳಲ್ಲಿ ಕಲೆ ಹುಡುಕುತ್ತೇನೆ. ಗುಬ್ಬಿಯೂ ಹುಡುಕಿದಳು. ಒಂದು ಸಿಕ್ಕಿತು ಎಂದು ಕುಣಿದಳು, ಒರೆಸಿದರೆ ಅದು ನಮ್ಮ ಬೀರುವಿನ ಜಿಡ್ಡು.

ಆದರೂ ನನ್ನ ಮಾತು ಕೇಳು. ಐವತ್ತು ನಿಮಿಷ ವಿಡಿಯೋದಲ್ಲಿ ಅವರೊಂದಿಗೆ ಮಾತಾಡಿದ್ದೇನೆ. ಪ್ರಾಂಶುಪಾಲೆ ವಯಸ್ಸಾದ ಹೆಂಗಸು, ಮಾತಿನ ಮಧ್ಯೆ ಮೂರು ಸಲ ಕನ್ನಡಕ ಹುಡುಕಿದರು. ನಲವತ್ತು ಮಕ್ಕಳಿಗೆ ಒಂದೇ ಬ್ಯೂರೆಟ್ ಇದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ಬ್ಯೂರೆಟ್ಟನ್ನು ಬೀರುವಿಗೆ ಹಾಕಿ ಬೀಗ ಜಡಿದು, ನಲವತ್ತು ಮಕ್ಕಳಿಗೂ ಕಣ್ಣಿಗೆ ಔಷಧಿ ಹಾಕುವ ಡ್ರಾಪರ್ ಕೊಟ್ಟು ಹನಿ ಎಣಿಸಲು ಹೇಳುತ್ತೇನೆ ಎಂದೆ. ಅವರು ನಕ್ಕು, ಬರೆದುಕೊಂಡರು. ಟೋಪಿ ಹಾಕುವವರು ಹನಿಯ ಲೆಕ್ಕ ಬರೆದುಕೊಳ್ಳುತ್ತಾರಾ?

ಯಾರು ಹೇಳಿದರು ಎಂಬುದನ್ನು ಅಷ್ಟು ಕೆದಕಬೇಡ. ಗೊತ್ತಾದಾಗ ಬರೆಯುತ್ತೇನೆ.

ನನ್ನ ಪದವಿ ಅಸಲಿಯೇ ಎಂದು ಅವರು ವಿಶ್ವವಿದ್ಯಾಲಯಕ್ಕೆ ನೇರವಾಗಿ ಕೊರಿಯರ್ ಕಳಿಸುತ್ತಾರಂತೆ. ನನ್ನ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ನಮ್ಮ ಹೆಡ್‌ಮಾಸ್ಟರನ್ನೂ ಕೇಳಿದ್ದಾರೆ. ಎರಡೂ ಬಂದ ಮೇಲೆ ಮುಂದಿನ ಮಾತು. ಕೊರಿಯರ್ ನಿನ್ನ ಮೇಜಿಗೇ ಬಂದರೂ ಬರಬಹುದು. ರಕ್ತಸಂಬಂಧಿಗಳ ಕಾಗದಕ್ಕೆ ನೀನು ಕೈ ಹಾಕುವಂತಿಲ್ಲ ಎಂದು ಗೊತ್ತು. ನಿಮ್ಮ ಮೇಲಧಿಕಾರಿ ಮೇಡಂ ಕಡೆ ದಾಟಿಸಿಬಿಡು. ಬಂದ ಕೂಡಲೇ ನನಗೊಂದು ಸಾಲು ಬರೆ, ಅಷ್ಟೇ ಸಾಕು.

ನಿನ್ನ ತಂಗಿ


ಮಾರ್ಚ್ 24

ಚಿರಂಜೀವಿ ತಂಗಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಯ ಮಂಡಿನೋವು ಹಾಗೇ ಇದೆ. ಬಚ್ಚಲಿನ ನಲ್ಲಿ ಸೋರುತ್ತಿತ್ತು, ಕೊಳಾಯಿ ರಿಪೇರಿಯವನು ಬಂದು ಸರಿಮಾಡಿ ಹೋದ, ಹೋದ ಮೇಲೆ ಅಡುಗೆಮನೆಯದ್ದು ಸೋರಲು ಶುರುವಾಯಿತು. ಎದುರುಮನೆಯವರು ಹೊಸ ಗೇಟು ಹಾಕಿಸಿದ್ದಾರೆ, ತೆರೆದಾಗಲೆಲ್ಲ ಬೆಕ್ಕು ಕೂಗಿದ ಹಾಗೆ ಕೂಗುತ್ತದೆ.

ನೀನು ಹೇಳಿದ ಕೊರಿಯರ್ ಈವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಜವಾದ ಶಾಲೆಯಾಗಿದ್ದರೆ ಇಷ್ಟು ಹೊತ್ತಿಗೆ ಬರಬೇಕಿತ್ತು ಎಂದು ನನ್ನ ಅಂದಾಜು. ಬಾರದಿದ್ದರೆ ಅದನ್ನೂ ಒಂದು ಉತ್ತರ ಎಂದೇ ತಿಳಿ.

ಕನ್ನಡಕ ಹುಡುಕುವ ಹೆಂಗಸಿನ ಬಗ್ಗೆ ಬರೆದಿದ್ದೀಯ. ಕನ್ನಡಕ ಯಾರು ಬೇಕಾದರೂ ಹುಡುಕಬಹುದು. ಗುಬ್ಬಿಗೆ ಹದಿನಾಲ್ಕು. ಈ ವಯಸ್ಸಿನಲ್ಲಿ ಭಾಷೆ ಬರದ ಕಡೆ ಕರೆದುಕೊಂಡು ಹೋಗಿ ಕೂರಿಸಿದರೆ ಆ ಮಗು ಯಾರ ಹತ್ತಿರ ಮಾತಾಡಬೇಕು? ಅವಳ ಅಪ್ಪ ಇದ್ದಿದ್ದರೆ ಬೇರೆ ಮಾತು. ಜ್ವರ ಬಂದರೆ ಯಾರು ಓಡಿಬರುತ್ತಾರೆ? ಇಲ್ಲಿಂದ ನಾನು ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ನಿನ್ನ ಮನೆ ಬಾಗಿಲಲ್ಲಿ ಇರುತ್ತೇನೆ. ಅಲ್ಲಿಗೆ ಯಾವ ಬಸ್ಸು ಹತ್ತಲಿ?

ನಿನ್ನ ಅಣ್ಣ


ಏಪ್ರಿಲ್ 2

ಅಣ್ಣಾ,

ಶಾಲೆಯವರಿಂದ ಹನ್ನೆರಡು ದಿನದಿಂದ ಮಾತಿಲ್ಲ. ಎರಡು ಸಲ ಬರೆದೆ. "ನಿಮ್ಮ ಪರಿಶೀಲನೆ ನಡೆಯುತ್ತಿದೆ" ಎಂದು ಒಂದು ಸಾಲಿನ ಉತ್ತರ ಬಂತು, ಅದೂ ಯಂತ್ರ ಬರೆದ ಹಾಗಿತ್ತು. ನೀನು ಹೇಳಿದ್ದೇ ನಿಜವೇನೋ.

ಇಲ್ಲವಾದರೆ ಇದು ನಮ್ಮ ಹೆಡ್‌ಮಾಸ್ಟರ ಕೆಲಸ. ಅವರು ನನ್ನ ಬಗ್ಗೆ ಬರೆದರೋ ಇಲ್ಲವೋ ಎಂದು ಕೇಳಿದರೆ, "ಬರೆಯೋದು ಬರೆದಾಯ್ತಮ್ಮ" ಎಂದು ಕಡತದೊಳಗೆ ಮುಖ ಹುದುಗಿಸುತ್ತಾರೆ. ಗಣಿತದ ಮೇಷ್ಟ್ರು ನನ್ನನ್ನು ನೋಡಿ ಮೀಸೆಯಲ್ಲೇ ನಗುತ್ತಾರೆ. ಇಬ್ಬರೂ ಸೇರಿ ಏನೋ ಮಾಡಿದ್ದಾರೆ ಎಂದು ತಲೆ ಕೆಟ್ಟುಹೋಯಿತು. ಹದಿನಾಲ್ಕು ವರ್ಷ ಕಡಿಮೆ ಸಂಬಳಕ್ಕೆ ದುಡಿಯುವವಳನ್ನು ಯಾರು ಸುಮ್ಮನೆ ಕಳಿಸಿಕೊಡುತ್ತಾರೆ ಹೇಳು.

ನಿನ್ನೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೆಡ್‌ಮಾಸ್ಟರನ್ನು ಕೇಳಿಯೇಬಿಟ್ಟೆ. ಕೇಳಿದೆ ಅನ್ನುವುದಕ್ಕಿಂತ ಕೂಗಾಡಿದೆ. "ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಿ ಸಾರ್" ಎಂದೆ. ಅವರು ಕುಡಿಯುತ್ತಿದ್ದ ಚಹಾದ ಲೋಟವನ್ನು ಕೆಳಗಿಟ್ಟು ಎದ್ದು ಹೋದರು. ತಪ್ಪಿತಸ್ಥರು ಎದುರಿಗೆ ನಿಲ್ಲುವುದಿಲ್ಲ ಎಂದು ನೀನೇ ಹೇಳುತ್ತಿದ್ದೆ.

ಮನೆಗೆ ಬಂದು ಫೋಟೋ ಕಿತ್ತು ತೆಗೆ ಎಂದೆ. ಗುಬ್ಬಿ ತೆಗೆದಳು, ಹರಿಯಲಿಲ್ಲ, ಪುಸ್ತಕದೊಳಗೆ ಇಟ್ಟುಕೊಂಡಳು. "ಮಾವನಿಗೆ ಕಾಗದ ಬಂತಾ ಕೇಳಮ್ಮ" ಎಂದು ದಿನಾ ಕೇಳುತ್ತಾಳೆ. ಬಂತಾ?

ನಿನ್ನ ತಂಗಿ


ಏಪ್ರಿಲ್ 9

ಚಿರಂಜೀವಿ ತಂಗಿಗೆ,

ನಿನ್ನ ಪತ್ರ ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ಹೆಡ್‌ಮಾಸ್ಟರರ ಮೇಲೆ ಹಾಗೆ ಹರಿಹಾಯಬಾರದಿತ್ತು. ಅವರು ಏನೂ ಮಾಡಿರಲಾರರು. ಹೋಗಿ ಒಂದು ಮಾತು ತಪ್ಪಾಯಿತು ಅನ್ನು.

ಕಾಗದ ಬಂದಿಲ್ಲ. ಈಗ ಬಿಟ್ಟುಬಿಡು. ವಿಷಯ ಮುಗಿಯಿತು ಎಂದುಕೋ. ಸ್ವಲ್ಪ ದಿನ ಬೇಸರವಾಗುತ್ತದೆ, ಆಮೇಲೆ ಸರಿಹೋಗುತ್ತದೆ. ಅಂಥ ಕಡೆ ಹೋಗಿ ನೀನು ಬಾಳುವುದೂ ಕಷ್ಟವಿತ್ತು. ಹನ್ನೆರಡು ಪುಟದ ಅರ್ಜಿ ಕಳಿಸಿ, ಇವಳು ಮಕ್ಕಳೊಂದಿಗೆ ಹೇಗೆ, ಎಂದಾದರೂ ಕೈ ಎತ್ತಿದ್ದಾಳಾ ಎಂದು ಓದಿದ ವಿಶ್ವವಿದ್ಯಾಲಯವನ್ನು ಕೇಳುವ ಜನ. ನಮ್ಮ ಹುಡುಗಿಯನ್ನು ಅಷ್ಟು ಅನುಮಾನಿಸುವವರ ಮನೆಯಲ್ಲಿ ನಮಗೇನು ಕೆಲಸ?

ಬೇಸಿಗೆ ರಜೆಗೆ ಇಬ್ಬರೂ ಇಲ್ಲಿಗೇ ಬನ್ನಿ. ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಗುಬ್ಬಿಗೆ ಓದಲು ಹೊಸ ಮೇಜು ತಂದಿದ್ದೇನೆ, ಒಂದೂ ಕಲೆ ಇಲ್ಲ. ನಿನ್ನ ಅತ್ತಿಗೆ ತಾನೂ ಎರಡು ಸಾಲು ಬರೆಯುತ್ತೇನೆ ಎನ್ನುತ್ತಿದ್ದಾಳೆ, ಜಾಗವಿಲ್ಲ ಎಂದೆ. ಅದಕ್ಕೆ ಅವಳಿಗೆ ಕೋಪ.

ನಿನ್ನ ಅಣ್ಣ


ಏಪ್ರಿಲ್ 16

ಪರಿಶೀಲನಾ ವಿಭಾಗದ ಮೇಲ್ವಿಚಾರಕರಿಗೆ,

ನಿನ್ನೆ ಶಾಲೆಯವರು ಬರೆದರು. ನಿಮ್ಮ ವಿಶ್ವವಿದ್ಯಾಲಯಕ್ಕೆ ಕೊರಿಯರ್ ಮುಟ್ಟಿ ತಿಂಗಳಾಗುತ್ತ ಬಂತು, ಮೂರು ಸಲ ನೆನಪಿಸಿದರೂ ಉತ್ತರವಿಲ್ಲ, ನೀವಾದರೂ ವಿಚಾರಿಸಬಲ್ಲಿರಾ ಎಂದು. ಕೊರಿಯರಿನವನು ಸಹಿ ಹಾಕಿಸಿಕೊಂಡ ಚೀಟಿಯ ಚಿತ್ರವನ್ನೂ ಕಳಿಸಿದರು. ಸಹಿ ಅರ್ಥವಾಗದ ಗೀಚು. ಅದರ ಕೆಳಗೆ ಮಾತ್ರ ಗುಂಡಗೆ, ಸ್ಪಷ್ಟವಾಗಿ: ಮಾರ್ಚ್ 19, ಬೆಳಗ್ಗೆ 11.20.

ಕೊರಿಯರಿನವನ ಚೀಟಿಗೆ ನಿಮಿಷ ಬರೆಯುವವರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರೆ ಅಣ್ಣಾ? ನನ್ನ ಪ್ರಗತಿಪತ್ರ ತೆಗೆದು ನೋಡು ಎಂದು ನೀನೇ ಬರೆದಿದ್ದೆಯಲ್ಲ, ತೆಗೆದೆ. ಏಳನೇ ತರಗತಿಯದ್ದು. ಪಕ್ಕದಲ್ಲಿಟ್ಟು ನೋಡಿದೆ. ಗುಬ್ಬಿಯೂ ನೋಡಿದಳು. "ಮಾವ ಹಾಗ್ಯಾಕೆ ಮಾಡಿದ್ರು?" ಎಂದಳು.

ಆಮೇಲೆ ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಮಾರ್ಚ್ 24ರಂದು, ನನಗೆ ಬುದ್ಧಿ ಬಂದಾಗಿನಿಂದ ಮೊದಲ ಸಲ, ನನ್ನ ಪತ್ರ ಎಷ್ಟು ಗಂಟೆಗೆ ತಲುಪಿತು ಎಂದು ನೀನು ಬರೆದಿಲ್ಲ. ಏಪ್ರಿಲ್ 9ರಂದು ಹನ್ನೆರಡು ಪುಟದ ಅರ್ಜಿ ಎಂದಿದ್ದೀಯ. ಅದು ಎಷ್ಟು ಪುಟ ಎಂದು ನನಗೇ ಗೊತ್ತಿಲ್ಲ. ನೋಡದವನಿಗೆ ಹೇಗೆ ಗೊತ್ತಾಯಿತು?

ಹೆಡ್‌ಮಾಸ್ಟರು ಮಾರ್ಚ್ 20ಕ್ಕೇ ನನ್ನ ಬಗ್ಗೆ ಎರಡು ಪುಟ ಒಳ್ಳೆಯ ಮಾತು ಬರೆದು ಕಳಿಸಿದ್ದರಂತೆ. ಅದೂ ಈಗ ತಿಳಿಯಿತು. ಓಡಿಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲಮ್ಮ, ಆದ್ರೆ ಅವತ್ತಿನ ಗಲಾಟೆ ಶಾಲಾ ಕಮಿಟಿಯವರ ಕಿವಿಗೆ ಬಿದ್ದುಬಿಟ್ಟಿದೆ" ಎಂದರು. ಮುಂದಿನ ವರ್ಷಕ್ಕೆ ನನ್ನನ್ನು ಮುಂದುವರಿಸುವುದಿಲ್ಲ. ಅಂದರೆ ಈಗ ನನಗೆ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ.

ಒಂದು ಸುಳ್ಳು ನನ್ನದೂ ಇದೆ. ಕೆಲಸ ಅದಾಗಿಯೇ ಬರಲಿಲ್ಲ. ಎರಡು ವರ್ಷದಲ್ಲಿ ಹನ್ನೊಂದು ಶಾಲೆಗಳಿಗೆ ಅರ್ಜಿ ಹಾಕಿದೆ, ಹತ್ತು ಕಡೆ ಇಲ್ಲ ಅಂದರು. ಮೊದಲ ಸಲ ಹೊರದೇಶದ ಮಾತೆತ್ತಿದಾಗ ನೀನು ಅತ್ತಿಗೆಯ ಎದುರಿಗೆ ನಕ್ಕೆ, "ಇವಳಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೇ ವಾಂತಿ" ಎಂದೆ. ಅಂದಿನಿಂದ ನಿನಗೆ ಹೇಳದೆ ಹಾಕಿದೆ.

ಫೋನು ಮಾಡಲು ಎರಡು ಸಲ ಕೈಗೆತ್ತಿಕೊಂಡೆ. ಮಾಡಿದರೆ ನೀನು ಮಾತಾಡುತ್ತೀಯ, ನಾನು ಕರಗುತ್ತೇನೆ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿದ್ದೇನೆ. 20ನೇ ತಾರೀಖಿನೊಳಗೆ ಆ ಅರ್ಜಿ ನಿಮ್ಮ ಮೇಡಂ ಮೇಜಿನ ಮೇಲೆ ಇರದಿದ್ದರೆ, 21ಕ್ಕೆ ನಾನೇ ಅವರ ಮುಂದೆ ಬಂದು ನಿಲ್ಲುತ್ತೇನೆ. ನೀನು ಎದುರಿಗೆ ಸಿಕ್ಕರೆ ಮಾತಾಡಿಸುವುದಿಲ್ಲ.

ಅಭ್ಯರ್ಥಿ


ಏಪ್ರಿಲ್ 18

ತಂಗೀ,

ನಿನ್ನ ಪತ್ರ ಇಂದು ಬೆಳಗ್ಗೆ 10.05ಕ್ಕೆ ತಲುಪಿತು. 10.30ಕ್ಕೆ ಅರ್ಜಿ ಮೇಡಂ ಮೇಜಿನ ಮೇಲಿತ್ತು. ಮಧ್ಯಾಹ್ನ 3.15ಕ್ಕೆ ಅವರೇ ಸಹಿ ಮಾಡಿ ಶಾಲೆಗೆ ಇಮೇಲಿನಲ್ಲಿಯೂ ಕೊರಿಯರಿನಲ್ಲಿಯೂ ಕಳಿಸಿದರು. ನಿನ್ನ ಪದವಿ ಅಸಲಿ ಎಂದು ದೃಢವಾಯಿತು. ಗಡುವಿಗೆ ಇನ್ನೂ ಹನ್ನೆರಡು ದಿನ ಇದೆ.

ತಡವೇಕಾಯಿತು ಎಂದು ಬರೆದುಕೊಡಿ ಎಂದರು. ಬರೆದುಕೊಟ್ಟೆ. ಅದರ ನಕಲು ನಿನಗೂ ಇರಲಿ:

"ಸದರಿ ಅರ್ಜಿಯು ಮಾರ್ಚ್ 19ರಂದು ಬೆಳಗ್ಗೆ 11.20ಕ್ಕೆ ಸ್ವೀಕೃತವಾಗಿದ್ದು, ಟಪಾಲು ರಿಜಿಸ್ಟರಿನಲ್ಲಿ ನಮೂದಾಗದೆ ಮೂವತ್ತು ದಿನ ಕೆಳಗೆ ಸಹಿ ಮಾಡಿದವನ ಮೇಜಿನ ಎರಡನೇ ಡ್ರಾಯರಿನಲ್ಲಿ ಇತ್ತು. ಅಭ್ಯರ್ಥಿಯು ಸದರಿಯವನ ತಂಗಿ. ವಿಳಂಬಕ್ಕೆ ಸದರಿಯವನೇ ಪೂರ್ಣ ಹೊಣೆ, ಅಭ್ಯರ್ಥಿಯ ತಪ್ಪೇನೂ ಇಲ್ಲ. ಅಂತಿಮ ವರ್ಷದ ಪ್ರತಿಯೊಂದು ಪರೀಕ್ಷೆಗೂ ಆಕೆಯನ್ನು ಸೈಕಲ್ಲಿನಲ್ಲಿ ಕರೆದೊಯ್ದು ಹೊರಗೆ ಕಾದವನು ನಾನೇ ಆದ್ದರಿಂದ ಅಂಕಗಳು ಅಸಲಿ ಎಂದು ಖುದ್ದಾಗಿ ಬಲ್ಲೆ."

ಕೊನೆಯ ವಾಕ್ಯಕ್ಕೆ ಮೇಡಂ ಕೆಂಪು ಗೆರೆ ಎಳೆದು ಪಕ್ಕದಲ್ಲಿ "ಅನಗತ್ಯ" ಎಂದು ಬರೆದರು.

ನೀನು ಕೆಲಸ ತಾನಾಗಿಯೇ ಬಂತು ಎಂದು ಬರೆಯದಿದ್ದರೆ ನಾನು ಅನುಮಾನಿಸುತ್ತಿರಲಿಲ್ಲ ಎಂದು ಇಲ್ಲಿ ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬಹುದು. ಅದು ನಿಜವಲ್ಲ. ಆಗಲೂ ಅನುಮಾನಿಸುತ್ತಿದ್ದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಹೇಳದಿದ್ದರೆ ಊಟ ಸೇರುವುದಿಲ್ಲ. ಅರ್ಜಿ ಬಂದ ದಿನ ಅದು ಮೋಸದ್ದು ಎಂದೇ ನಂಬಿದ್ದೆ. ತಡೆದರೆ ನಿನ್ನನ್ನು ಉಳಿಸಿದ ಹಾಗೆ ಎಂದುಕೊಂಡೆ. ಮಾರ್ಚ್ 23ರಂದು ಹಳೆಯ ಕಡತಗಳ ಕೋಣೆಗೆ ಹೋಗಿ ಹುಡುಕಿದೆ. ಆರು ವರ್ಷದ ಹಿಂದೆ ಅದೇ ಶಾಲೆ, ಅದೇ ಅರ್ಜಿ, ಬೇರೆ ಒಬ್ಬ ಶಿಕ್ಷಕ. ಆತ ಅಲ್ಲಿಂದ ನಮ್ಮ ವಿಭಾಗಕ್ಕೆ ಬರೆದ ಧನ್ಯವಾದದ ಪತ್ರವೂ ಅದೇ ಕಡತದಲ್ಲಿತ್ತು. ಶಾಲೆ ನಿಜ, ಪ್ರಾಂಶುಪಾಲೆ ನಿಜ, ಸಹಿಯೂ ಅದೇ. ಮಾರನೇ ದಿನ ನಿನಗೆ ಕೊರಿಯರ್ ಬಂದಿಲ್ಲ ಎಂದು ಬರೆದೆ. ಆ ಸುಳ್ಳು ಬರೆಯುವಾಗ ನನಗೆ ನಿಜ ಗೊತ್ತಿತ್ತು.

ಇಪ್ಪತ್ತಾರು ವರ್ಷದಲ್ಲಿ ಒಂದೂ ತಪ್ಪು ಹೇಳದವನು ಸ್ವಂತ ತಂಗಿಯ ವಿಷಯದಲ್ಲಿ ತಪ್ಪು ಹೇಳಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಅದು ಅರ್ಧ. ಇನ್ನರ್ಧ, ನೀನು ಹೋಗುವುದು ನನಗೆ ಬೇಡವಾಗಿತ್ತು. ನನಗೆ ಮಕ್ಕಳಿಲ್ಲ. ನಿನ್ನನ್ನೇ ಬೆಳೆಸಿದೆ. ಹಾಗೆಂದು ನಿನ್ನ ಕಾಗದವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುವ ಹಕ್ಕು ನನಗಿರಲಿಲ್ಲ.

ನಿನ್ನ ಅತ್ತಿಗೆಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಎದ್ದು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಅಣ್ಣ


ಮೇ 6

ತಂಗೀ,

ಗಡುವು ಕಳೆದು ಆರು ದಿನವಾಯಿತು. ಏನಾಯಿತು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಒಂದು ಸಾಲು ಸಾಕು.

ನಿಮ್ಮ ಹೆಡ್‌ಮಾಸ್ಟರಿಗೆ ನಾನೇ ಪತ್ರ ಬರೆದೆ. ತಪ್ಪು ನಿನ್ನದಲ್ಲ, ನನ್ನದು ಎಂದು. ಅವರು ಒಳ್ಳೆಯ ಉತ್ತರ ಬರೆದಿದ್ದಾರೆ. ನಿನ್ನ ಸುದ್ದಿ ಮಾತ್ರ ಅದರಲ್ಲಿ ಒಂದಕ್ಷರವೂ ಇಲ್ಲ. ಬರೆಯಬೇಡಿ ಎಂದು ನೀನೇ ಹೇಳಿರಬೇಕು.

ಅಣ್ಣ


ಜೂನ್ 14

ತಂಗೀ,

ಮೊನ್ನೆ ಫೋನು ಮಾಡಿದೆ. ಗುಬ್ಬಿ ಎತ್ತಿ, "ಅಮ್ಮ ಲ್ಯಾಬಲ್ಲಿದ್ದಾಳೆ ಮಾವ" ಎಂದಳು. ಯಾವ ಲ್ಯಾಬು ಎಂದರೆ ಫೋನು ಇಟ್ಟಳು. ಸುಳ್ಳು ಹೇಳಲು ಅವಳಿಗೆ ಇನ್ನೂ ಬರುವುದಿಲ್ಲ. ಒಳ್ಳೆಯದೇ.

ನನ್ನನ್ನು ಪರಿಶೀಲನೆಯಿಂದ ತೆಗೆದು ರವಾನೆ ವಿಭಾಗಕ್ಕೆ ಹಾಕಿದ್ದಾರೆ. ಲಕೋಟೆ ಅಂಟಿಸುವುದು, ವಿಳಾಸ ನೋಡುವುದು, ಚೀಟಿ ಹಚ್ಚುವುದು. ಇಲ್ಲಿಯ ನಿಯಮ ಒಂದೇ, ಬಂದ ಕಾಗದ ಅದೇ ದಿನ ಹೊರಡಬೇಕು. ಯಾರದ್ದೂ ತಡೆಯುವುದಿಲ್ಲ ನಾನು ಈಗ. ಸಂಜೆ ಮೇಜು ಖಾಲಿಯಾಗದೆ ಮನೆಗೆ ಹೋಗುವುದಿಲ್ಲ.

ಬೇಸಿಗೆ ರಜೆ ಮುಗಿಯಿತು. ಮೇಲಿನ ಕೋಣೆ ಹಾಗೇ ಇದೆ.

ಅಣ್ಣ


ಆಗಸ್ಟ್ 21

ಅಣ್ಣಾ,

ಲಕೋಟೆಯ ಮೇಲಿನ ಅಂಚೆಚೀಟಿ ನೋಡಿಯೇ ನಿನಗೆ ಅರ್ಥವಾಗಿರುತ್ತದೆ. ನಾವು ಇಲ್ಲಿಗೆ ಬಂದು ಮೂರು ವಾರವಾಯಿತು.

ಹೊರಡುವ ದಿನ ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ರಾತ್ರಿ ಬಸ್ಸು ಹತ್ತಿ ಬರುತ್ತಿದ್ದೆ. ಪೆಟ್ಟಿಗೆಯ ಬೀಗ ಎಳೆದು ನೋಡುತ್ತಿದ್ದೆ, ಗುಬ್ಬಿಯ ಕೈಗೆ ಸುಳ್ಳು ನೆಪ ಹೇಳಿ ಏನೋ ತುರುಕುತ್ತಿದ್ದೆ, ಟಿಕೆಟ್ಟಿನ ಕಾಗುಣಿತ ಮೂರು ಸಲ ಓದುತ್ತಿದ್ದೆ. ನಾನು ಅಲ್ಲಿಯೇ ಕ್ಷಮಿಸಿಬಿಡುತ್ತಿದ್ದೆ. ಆಗ ಕ್ಷಮಿಸುವುದು ನನಗೆ ಬೇಡವಾಗಿತ್ತು. ಕೋಪವಿಲ್ಲದಿದ್ದರೆ ಆ ವಿಮಾನದ ಮೆಟ್ಟಿಲು ಹತ್ತಲು ನನ್ನಿಂದ ಆಗುತ್ತಿರಲಿಲ್ಲ ಅಣ್ಣಾ. ಕಿಟಕಿ ಪಕ್ಕವೇ ಕೂತೆ. ವಾಂತಿ ಆಯಿತು.

ನಮ್ಮದು ಮೂರನೇ ಮಹಡಿ, ಎರಡು ಕೋಣೆ. ಅಡುಗೆಮನೆಯ ಕಿಟಕಿಯಿಂದ ಶಾಲೆಯ ಗಡಿಯಾರ ಕಾಣುತ್ತದೆ, ನಾಲ್ಕು ನಿಮಿಷ ಹಿಂದಿದೆ, ನಿನಗೆ ನೆಮ್ಮದಿಯಿಂದ ಕೂರಲು ಆಗುತ್ತಿರಲಿಲ್ಲ. ಗುಬ್ಬಿ ಮೊದಲ ವಾರ ಅತ್ತಳು. ಈಗ ಪಕ್ಕದ ಮನೆಯ ಹುಡುಗಿಯ ಜೊತೆ ಕೈಸನ್ನೆಯಲ್ಲೇ ಜಗಳವಾಡುತ್ತಾಳೆ. ಶಾಲೆಯ ಕಚೇರಿಯಲ್ಲಿ ನನ್ನ ಕಡತ ಇಟ್ಟುಕೊಂಡ, ತಡದ ಕಾರಣ ನನ್ನಿಂದಲೇ ಕೇಳಿದ್ದ ಗುಮಾಸ್ತೆ, ನಿಮ್ಮ ಅಣ್ಣ ಮುಂದೆಯೂ ಏನಾದರೂ ತಡೆದಿಡುತ್ತಾರಾ ಎಂದು ಕೇಳಿದಳು. ತಮಾಷೆಗೇ ಕೇಳಿದಳು. ನನಗೆ ನಗು ಬರಲಿಲ್ಲ.

ಲ್ಯಾಬಿನ ವಿಷಯದಲ್ಲಿ ನಿನ್ನ ಅನುಮಾನ ಅರ್ಧ ಸರಿ. ಆ ಮೇಜುಗಳನ್ನು ಅದುವರೆಗೆ ಯಾವ ಮಗುವೂ ಮುಟ್ಟಿರಲಿಲ್ಲ. ಹೊಸ ಲ್ಯಾಬು, ಕಲಿಸುವವರು ಸಿಗದೆ ಒಂದು ವರ್ಷ ಬೀಗ ಹಾಕಿಟ್ಟಿದ್ದರು. ಕಳೆದ ಮಂಗಳವಾರ ನನ್ನ ತರಗತಿಯ ಒಬ್ಬಳು ಪರ್ಮಾಂಗನೇಟ್ ಚೆಲ್ಲಿದಳು. ಮೂರನೇ ಮೇಜಿನ ಬಲತುದಿಯಲ್ಲಿ ಅಂಗೈ ಅಗಲದ ಕಂದು ಕಲೆ. ಅವಳು ಹೆದರಿ ಒರೆಸಲು ಹೋದಳು. ಬಿಡು ಎಂದೆ. ಬ್ಯೂರೆಟ್ಟಿನ ನಲ್ಲಿ ತಿರುಗಿಸಲು ಅವಳ ಕೈಗೇ ಕೊಟ್ಟೆ.

ಏಪ್ರಿಲ್ 18ರಿಂದ ಈಚೆಗೆ ನೀನು ಬರೆದ ಮೂರು ಪತ್ರಗಳೂ ನನ್ನ ಹತ್ತಿರ ಇವೆ. ಒಳಗೆ ನೀನು ಬರೆದ ದಿನವನ್ನೂ ಲಕೋಟೆಯ ಮೇಲಿನ ಅಂಚೆ ಮೊಹರಿನ ದಿನವನ್ನೂ ತಾಳೆ ನೋಡಿದೆ. ಸರಿಯಾಗಿದ್ದವು. ಹಾಗೆ ನೋಡಿದ್ದಕ್ಕೆ ನನಗೇ ನನ್ನ ಮೇಲೆ ಬೇಸರವಾಯಿತು, ಆದರೂ ನೋಡಿದೆ. ಇನ್ನು ಎಷ್ಟು ದಿನ ಹೀಗೆ ನೋಡುತ್ತೇನೋ ಗೊತ್ತಿಲ್ಲ.

ಈ ಕಾಗದ ನಿನ್ನ ಕೈಗೆ ಯಾವಾಗ ಸಿಕ್ಕಿತು ಎಂದು ಬರೆ. ನಿಜವಾದ ದಿನ, ನಿಜವಾದ ಸಮಯ.

ನಿನ್ನ ತಂಗಿ


ಆಗಸ್ಟ್ 30

ಚಿರಂಜೀವಿ ತಂಗಿಗೆ ಆಶೀರ್ವಾದಗಳು.

ನಿನ್ನ ಪತ್ರ ಇಂದು ತಲುಪಿತು. ಬಂದ ಕೂಡಲೇ ತೆರೆದೆ, ಓದಿದ ಕೂಡಲೇ ಉತ್ತರ ಬರೆಯುತ್ತಿದ್ದೇನೆ, ನಾಲ್ಕು ಗಂಟೆಯ ಟಪಾಲಿಗೆ ನಾನೇ ಹೋಗಿ ಹಾಕುತ್ತೇನೆ.

ಆ ಕಲೆಯ ಒಂದು ಫೋಟೋ ಕಳಿಸು. ಅನುಮಾನಕ್ಕಲ್ಲ. ಮೇಲಿನ ಕೋಣೆಯ ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ.

ಸಮಯ ಕೇಳಿದ್ದೀಯ. ನಾನು ಬರೆದರೆ ನೀನು ಮತ್ತೆ ತಾಳೆ ನೋಡಬೇಕಾಗುತ್ತದೆ. ಆ ತೊಂದರೆ ನಿನಗೆ ಬೇಡ ಎಂದು ನಿನ್ನ ಅತ್ತಿಗೆಯ ಕೈಗೆ ಪೆನ್ನು ಕೊಟ್ಟಿದ್ದೇನೆ. ಈ ಸಲ ಅವಳಿಗೆ ಜಾಗ ಬಿಟ್ಟಿದ್ದೇನೆ.

ನಿನ್ನ ಅಣ್ಣ

ಮಧ್ಯಾಹ್ನ 1.10ಕ್ಕೆ ಬಂತು. ತಟ್ಟೆ ಮುಂದಿನಿಂದ ಎದ್ದು ಎಡಗೈಯಲ್ಲೇ ಲಕೋಟೆ ಒಡೆದರು. ಎರಡು ಸಲ ಓದಿದರು. ಇದು ನಿಜ, ನಾನು ನೋಡಿದ್ದೇನೆ. — ಅತ್ತಿಗೆ, ಮಧ್ಯಾಹ್ನ 2.25